ಹಾಲಿಗೆ ದಿನಕ್ಕೆರಡು ಪರೀಕ್ಷೆ, ಹಿಂಡಿಗೆ ಒಂದೂ ಇಲ್ಲ

ಪಶು ಆಹಾರದ ಪ್ರಯೋಗಾಲಯ ತಪಾಸಣೆ: ಒಬ್ಬ ಲೆಕ್ಕಪರಿಶೋಧಕನ ಟಿಪ್ಪಣಿಗಳು

ವ್ಯಾಪಾರಸ್ಥರ ಲೆಕ್ಕಪತ್ರಗಳನ್ನು ತಪಾಸಣೆ ಮಾಡುತ್ತ ಸುಮಾರು ಮೂರು ದಶಕಗಳನ್ನು ಕಳೆದಿರುವ ನನ್ನಂಥವನಿಗೆ ದನದ ಹಿಂಡಿಯ ಬಗ್ಗೆ ಬರೆಯುವ ಅಧಿಕಾರವೇನು ಎಂದು ಓದುಗ ಸದಸ್ಯರು ಕೇಳಿದರೆ ತಪ್ಪಿಲ್ಲ. ನಾನು ಪಶುವೈದ್ಯನಲ್ಲ, ರಸಾಯನಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯ ಪದವಿಯ ದಿನಗಳಲ್ಲಿ ವಿಜ್ಞಾನದ ಪ್ರಯೋಗಾಲಯವನ್ನು ಕಿಟಕಿಯ ಹೊರಗಿನಿಂದ ನೋಡಿದ್ದಷ್ಟೇ. ಆದರೂ ಈ ವಿಷಯ ನನ್ನ ಮೇಜಿಗೆ ಬಂದದ್ದು ಒಂದು ಲೆಕ್ಕದ ರೂಪದಲ್ಲಿಯೇ. ಆದ್ದರಿಂದ ಅದನ್ನು ಲೆಕ್ಕದ ಭಾಷೆಯಲ್ಲಿಯೇ ಸದಸ್ಯರ ಮುಂದಿಡುತ್ತಿದ್ದೇನೆ.

ರೋಣ ತಾಲೂಕಿನ ಮೆಣಸಗಿಯಲ್ಲಿ ನನ್ನ ಚಿಕ್ಕಪ್ಪನ ಮಗನಿದ್ದಾನೆ. ಎರಡು ಮಿಶ್ರತಳಿ ಆಕಳು, ಎರಡು ಎಮ್ಮೆ ಸಾಕಿಕೊಂಡು, ಎಂಟು ಎಕರೆ ಎರೆಭೂಮಿಯನ್ನು ಉಳುತ್ತಾನೆ. ಇನ್ನೆರಡು ಆಕಳು ಕೊಳ್ಳಲು ಬ್ಯಾಂಕಿನಿಂದ ಸಾಲ ಪಡೆಯುವ ಉದ್ದೇಶದಿಂದ ಯೋಜನಾ ವರದಿ ಬರೆಸಿಕೊಳ್ಳಲು ನನ್ನ ಕಚೇರಿಗೆ ಬಂದಿದ್ದ. ರೈತರಲ್ಲಿ ಅಪರೂಪವೆನ್ನಬಹುದಾದಂತೆ ಒಂದು ವರ್ಷದ ಚೀಟಿಗಳನ್ನೆಲ್ಲ ದಾರಕ್ಕೆ ಪೋಣಿಸಿ ತಂದಿದ್ದ. ಹಾಲು ಹಾಕಿದ ಚೀಟಿ, ಹಿಂಡಿ ಕೊಂಡ ಚೀಟಿ, ಡಾಕ್ಟರಿಗೆ ಕೊಟ್ಟ ಚೀಟಿ, ಎಲ್ಲವೂ ಇದ್ದವು. ಲಾಭ-ನಷ್ಟದ ತಃಖ್ತೆ ಮಾಡಿ ನೋಡಿದಾಗ ಉಳಿತಾಯವೇ ಕಾಣಲಿಲ್ಲ. ಮನೆಯವರ ದುಡಿಮೆಗೆ ಒಂದು ರೂಪಾಯಿ ಕೂಲಿ ಹಿಡಿಯದಿದ್ದರೂ ಪರಿಸ್ಥಿತಿ ಅದೇ. ಈ ಲೆಕ್ಕದ ಮೇಲೆ ಸಾಲಕ್ಕೆ ಶಿಫಾರಸು ಬರೆಯಲು ನನಗೆ ಮನಸ್ಸಾಗಲಿಲ್ಲ. ಹಾಗೆಂದೇ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ ಮಾತು ಈ ಲೇಖನಕ್ಕೆ ಕಾರಣವಾಯಿತು: "ಅಣ್ಣಾ, ನಾ ಹಾಕೋ ಹಾಲು ದಿನಾ ಎರಡು ಹೊತ್ತು ಪರೀಕ್ಷೆ ಆಗತೈತಿ. ಫ್ಯಾಟ್ ಕಮ್ಮಿ ಅಂದ್ರ ರೊಕ್ಕಾ ಕಮ್ಮಿ. ನಾ ತರೋ ಹಿಂಡಿ ಯಾರು ಪರೀಕ್ಷೆ ಮಾಡತಾರ?"

ಉತ್ತರ ನನ್ನಲ್ಲಿರಲಿಲ್ಲ.

ಖರ್ಚಿನ ಬದಿಯ ದೊಡ್ಡ ಅಂಕಿ

ಹೈನುಗಾರಿಕೆಯ ವೆಚ್ಚದಲ್ಲಿ ಆಹಾರದ ಪಾಲು ನೂರಕ್ಕೆ 60ರಿಂದ 70ರಷ್ಟು ಎಂಬುದು ಈ ಕ್ಷೇತ್ರದವರೆಲ್ಲ ಒಪ್ಪುವ ಮಾತು. ನನ್ನ ತಮ್ಮನ ಚೀಟಿಗಳನ್ನು ಕೂಡಿಸಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂದಿತು. ಯಾವುದೇ ಕಾರ್ಖಾನೆಯಲ್ಲಿ ಕಚ್ಚಾ ಸಾಮಗ್ರಿಯ ವೆಚ್ಚ ಇಷ್ಟಿದ್ದರೆ, ಒಳಬರುವ ಮಾಲಿನ ಗುಣಮಟ್ಟವನ್ನು ಪರೀಕ್ಷಿಸದೆ ಗೋದಾಮಿಗೆ ಇಳಿಸಿಕೊಳ್ಳುವ ಮಾಲೀಕನನ್ನು ನಾನು ಕಂಡಿಲ್ಲ. ನಮ್ಮ ಸೀಮೆಯ ವ್ಯಾಪಾರ ಪರೀಕ್ಷೆಗೆ ಹೊಸತೇನೂ ಅಲ್ಲ. ಹತ್ತಿಯ ಎಳೆಯ ಉದ್ದ ನೋಡಿ ದರ ಕಟ್ಟುತ್ತೇವೆ. ಎಣ್ಣೆಯ ಆಮ್ಲೀಯತೆ ನೋಡದೆ ಟ್ಯಾಂಕರ್ ಒಳಗೆ ಬಿಡುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಕೂಡ ಅಂಕಿಯಲ್ಲಿ ಅಳೆದು ರಫ್ತು ಮಾಡುತ್ತೇವೆ. ಹಿಂಡಿಯ ಚೀಲ ಮಾತ್ರ ಮುದ್ರಿತ ಚಿತ್ರದ ಮೇಲೆ, ಅಂಗಡಿಯವರ ಮಾತಿನ ಮೇಲೆ, ಹೆಚ್ಚೆಂದರೆ ಬಾಯಿಗೆ ಹಾಕಿ ನೋಡಿದ ರುಚಿಯ ಮೇಲೆ ಮಾರಾಟವಾಗುತ್ತದೆ.

ಮೆಣಸಗಿಯಂಥ ಊರಿನಲ್ಲಿ ಇದರ ಪರಿಣಾಮ ಹೆಚ್ಚು. ಹೊಳೆಆಲೂರಿನ ಸಮೀಪ ಮಲಪ್ರಭೆಯ ದಂಡೆಯಲ್ಲಿರುವ ಈ ಊರಿನದು ಎರೆನೆಲ. ಹಿಂಗಾರಿ ಜೋಳ, ಕಡಲೆ, ಗೋಧಿ, ಕುಸುಬಿ, ಹತ್ತಿ, ಸೂರ್ಯಕಾಂತಿ ಇಲ್ಲಿಯ ಬೆಳೆಗಳು. ವರ್ಷದ ಬಹುಭಾಗ ದನಗಳ ಹೊಟ್ಟೆ ತುಂಬುವುದು ಜೋಳದ ಕಣಕಿಯಿಂದ, ಕಡಲೆ ಹೊಟ್ಟಿನಿಂದ. ಒಣ ಕಣಕಿಯಲ್ಲಿ ಸಸಾರಜನಕ ಅಂದರೆ ಪ್ರೋಟೀನ್ ನೂರಕ್ಕೆ ಮೂರರಿಂದ ಐದು ಮಾತ್ರ, ರಂಜಕವಂತೂ ಬಹಳ ಕಡಿಮೆ. ಜವಾರಿ ಎತ್ತು-ಆಕಳಿಗೆ ಅದು ಸಾಕಾಗುತ್ತಿತ್ತು. ದಿನಕ್ಕೆ ಹತ್ತು ಲೀಟರ್ ಹಾಲು ಕೊಡಬೇಕಾದ ಮಿಶ್ರತಳಿ ಆಕಳಿಗೆ ಉಳಿದೆಲ್ಲವೂ ಹಿಂಡಿಯಿಂದಲೇ ಬರಬೇಕು. ದೇಹದ ಪೋಷಣೆಗೆ ಒಂದರಿಂದ ಎರಡು ಕಿಲೋ, ಬಳಿಕ ಆಕಳಿಗಾದರೆ ಎರಡೂವರೆ ಲೀಟರಿಗೆ, ಎಮ್ಮೆಗಾದರೆ ಎರಡು ಲೀಟರಿಗೆ ಒಂದು ಕಿಲೋ ಹಿಂಡಿ ಎಂಬುದು ಪಶುವೈದ್ಯರು ಹೇಳುವ ಸ್ಥೂಲ ಲೆಕ್ಕ. ತಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಹತ್ತು ಲೀಟರ್ ಬರಬೇಕಾದಲ್ಲಿ ಏಳು ಬರುತ್ತಿತ್ತು.

ಹಾಗಾದರೆ ಚೀಲದಲ್ಲಿ ಇದ್ದುದೇನು? ಪಶುವೈದ್ಯ ಮಿತ್ರರೊಬ್ಬರ ಸಲಹೆಯಂತೆ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯವೊಂದಕ್ಕೆ ಕಳಿಸಿದೆವು.

ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ

ವರದಿ ಬರುವ ಮುನ್ನ ಅದನ್ನು ಓದಲು ಕಲಿಯಬೇಕೆಂದು ನಾನು ಸ್ವಲ್ಪ ಅಭ್ಯಾಸ ಮಾಡಿದೆ. ಆಶ್ಚರ್ಯವೆಂದರೆ ಈ ಪರೀಕ್ಷೆಗಳಲ್ಲಿ ಬಹುತೇಕ ನೂರು ವರ್ಷಕ್ಕಿಂತ ಹಳೆಯವು, ಮತ್ತು ಹಲವು ಹುಟ್ಟಿದ್ದು ವ್ಯಾಪಾರದ ಅಗತ್ಯದಿಂದಲೇ.

ಮೊದಲನೆಯದು ತೇವಾಂಶ. ತೂಗಿದ ಮಾದರಿಯನ್ನು ಒಲೆಯಲ್ಲಿ ಒಣಗಿಸಿ ಮತ್ತೆ ತೂಗುವುದು. ಕಡಿಮೆಯಾದ ತೂಕವೇ ನೀರು. ಭಾರತೀಯ ಮಾನಕ ಸಂಸ್ಥೆಯ ಐಎಸ್ 2052 ಎಂಬ ಮಾನಕ ಸಂಯುಕ್ತ ಪಶು ಆಹಾರಕ್ಕೆ ಸಂಬಂಧಿಸಿದ್ದು. ಅದರ ಪ್ರಕಾರ ತೇವಾಂಶ ಶೇ. 11ನ್ನು ಮೀರಬಾರದು. ಕಿಲೋಗೆ 24 ರೂಪಾಯಿ ದರದ ಹಿಂಡಿಯಲ್ಲಿ ತೇವಾಂಶ 11ರ ಬದಲು 14 ಇದ್ದರೆ ಒಂದು ಟನ್ನಿಗೆ 30 ಕಿಲೋ ನೀರನ್ನು 720 ರೂಪಾಯಿ ಕೊಟ್ಟು ಕೊಂಡಂತೆ. ಸಂತೆಯಲ್ಲಿ ಹಾಲಿಗೆ ನೀರು ಬೆರೆಸಿದವನನ್ನು ಬೈಯುವ ನಾವು ಇದನ್ನು ಗಮನಿಸುವುದೇ ಇಲ್ಲ.

ಎರಡನೆಯದು ಕಚ್ಚಾ ಪ್ರೋಟೀನ್. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಯೋಹಾನ್ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞ 1883ರಲ್ಲಿ ಧಾನ್ಯದೊಳಗಿನ ಪ್ರೋಟೀನ್ ಅಳೆಯಲು ಒಂದು ವಿಧಾನ ಕಂಡುಹಿಡಿದ. ಮಾದರಿಯನ್ನು ತೀಕ್ಷ್ಣ ಗಂಧಕಾಮ್ಲದಲ್ಲಿ ಕುದಿಸಿದರೆ ಅದರಲ್ಲಿನ ಸಾರಜನಕವೆಲ್ಲ ಅಮೋನಿಯಂ ಲವಣವಾಗುತ್ತದೆ. ಕ್ಷಾರ ಬೆರೆಸಿ ಅಮೋನಿಯಾ ಹೊರಡಿಸಿ ಅದನ್ನು ಅಳೆಯುತ್ತಾರೆ. ಪ್ರೋಟೀನಿನಲ್ಲಿ ಸರಾಸರಿ ಶೇ. 16 ಸಾರಜನಕವಿರುವುದೆಂದು ಹಿಡಿದು, ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ. ಗುಣಲಬ್ಧವೇ ಚೀಲದ ಮೇಲೆ ಮುದ್ರಿತವಾಗುವ ಪ್ರೋಟೀನ್ ಪ್ರಮಾಣ. ಐಎಸ್ 2052ರಲ್ಲಿ ಮೊದಲ ದರ್ಜೆಯ ಆಹಾರಕ್ಕೆ ಇದು ಕನಿಷ್ಠ ಶೇ. 22, ಎರಡನೆಯ ದರ್ಜೆಗೆ ಕನಿಷ್ಠ ಶೇ. 20. ಇಲ್ಲಿ ಒಂದು ಸೂಕ್ಷ್ಮವಿದೆ: ಈ ಪರೀಕ್ಷೆ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಇದರ ಫಲವನ್ನು ಮುಂದೆ ನೋಡೋಣ.

ಕೊಬ್ಬನ್ನು ಈಥರಿನಲ್ಲಿ ಕರಗಿಸಿ ತೆಗೆಯುವ ಉಪಕರಣ 1879ರಲ್ಲಿ ಸಾಕ್ಸ್‌ಲೆಟ್ ರೂಪಿಸಿದ್ದು. ಅದು ಮೊದಲು ಬಂದದ್ದು ಹಾಲಿನ ಜಿಡ್ಡನ್ನು ಅಳೆಯುವುದಕ್ಕೇ ಎಂಬುದು ಸ್ವಾರಸ್ಯದ ಸಂಗತಿ. ಮಾದರಿಯನ್ನು ದುರ್ಬಲ ಆಮ್ಲದಲ್ಲಿ, ಬಳಿಕ ದುರ್ಬಲ ಕ್ಷಾರದಲ್ಲಿ ಕುದಿಸಿದ ಮೇಲೂ ಉಳಿಯುವುದು ಕಚ್ಚಾ ನಾರು. ಇದು ಜರ್ಮನಿಯ ವೀಂಡೆ ಎಂಬಲ್ಲಿ 1860ರ ದಶಕದಲ್ಲಿ ಬಂದ ಕ್ರಮ. ಶೇಂಗಾ ಸಿಪ್ಪೆಯನ್ನು, ಹತ್ತಿಕಾಳಿನ ಹೊಟ್ಟನ್ನು ಪುಡಿ ಮಾಡಿ ಸೇರಿಸಿದ್ದರೆ ನಾರಿನ ಅಂಕಿ ಏರಿ ಗುಟ್ಟು ಬಯಲಾಗುತ್ತದೆ. ಎರಡನೆಯ ದರ್ಜೆಯ ಆಹಾರದಲ್ಲಿ ಅದು ಶೇ. 12ಕ್ಕಿಂತ ಹೆಚ್ಚಿರಕೂಡದು.

ಕೊನೆಯದು, ನನ್ನ ಮಟ್ಟಿಗೆ ಅತ್ಯಂತ ಪ್ರಾಮಾಣಿಕವಾದದ್ದು, ಆಮ್ಲದಲ್ಲಿ ಕರಗದ ಬೂದಿ. ಮಾದರಿಯನ್ನು ಸುಟ್ಟು ಬೂದಿ ಮಾಡಿ, ಆ ಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸುತ್ತಾರೆ. ಉಪಯುಕ್ತ ಖನಿಜಗಳು ಕರಗುತ್ತವೆ. ಕರಗದೆ ತಳದಲ್ಲಿ ಉಳಿಯುವುದು ಉಸುಕು ಮತ್ತು ಮಣ್ಣು. ಎರಡನೆಯ ದರ್ಜೆಗೆ ಶೇ. 4ರ ಮಿತಿ.

ನಮ್ಮ ವರದಿ

ಹತ್ತು ದಿನಗಳ ಬಳಿಕ ವರದಿ ಬಂದಿತು. ಚೀಲದ ಮೇಲೆ ಕಚ್ಚಾ ಪ್ರೋಟೀನ್ ಕನಿಷ್ಠ ಶೇ. 20 ಎಂದಿತ್ತು. ವರದಿಯಲ್ಲಿ 19.4. ತಮ್ಮನಿಗೆ ನಿರಾಶೆಯೇ ಆಯಿತು. "ಮಾಲು ಬರೋಬ್ಬರಿ ಐತಲ್ಲ ಅಣ್ಣಾ, ನಮ್ಮ ದನದ್ದ ಏನೋ ಐಬು" ಎಂದ. ಆದರೆ ಪಶುವೈದ್ಯ ಮಿತ್ರರು ಮುನ್ನೆಚ್ಚರಿಕೆಯಿಂದ ಯೂರಿಯಾ ಪರೀಕ್ಷೆಯನ್ನೂ ಬರೆಸಿದ್ದರು. ಅದು ಶೇ. 1.9 ಬಂದಿತ್ತು. ಉಸುಕು 6.2, ತೇವಾಂಶ 12.9.

ಯೂರಿಯಾದಲ್ಲಿ ಶೇ. 46 ಸಾರಜನಕವಿದೆ. ಅದನ್ನು 6.25ರಿಂದ ಗುಣಿಸಿದರೆ 287.5. ಅಂದರೆ ಒಂದು ಕಿಲೋ ಯೂರಿಯಾ ಕೆಲ್ಡಾಲ್ ಪರೀಕ್ಷೆಯ ಕಣ್ಣಿಗೆ ಎರಡು ಕಿಲೋ 875 ಗ್ರಾಂ ಪ್ರೋಟೀನಿನಂತೆ ಕಾಣುತ್ತದೆ. ನಮ್ಮ ಮಾದರಿಯಲ್ಲಿದ್ದ ಶೇ. 1.9 ಯೂರಿಯಾ ವರದಿಯ ಪ್ರೋಟೀನಿಗೆ ಕೊಟ್ಟ ಕೊಡುಗೆ ಸುಮಾರು 5.5. ಅದನ್ನು ಕಳೆದರೆ ಕಾಳು-ಹಿಂಡಿಗಳಿಂದ ಬಂದ ನಿಜವಾದ ಪ್ರೋಟೀನ್ ಶೇ. 14ರ ಆಸುಪಾಸು. ಐವತ್ತು ಕಿಲೋ ಚೀಲಕ್ಕೆ ಆತ ಕೊಟ್ಟದ್ದು 1,200 ರೂಪಾಯಿ. ಚೀಟಿಯ ಪ್ರಕಾರ ಹತ್ತು ಕಿಲೋ ಪ್ರೋಟೀನ್, ಕಿಲೋಗೆ 120 ರೂಪಾಯಿ. ವಾಸ್ತವದಲ್ಲಿ ಏಳು ಕಿಲೋ, ಕಿಲೋಗೆ 171 ರೂಪಾಯಿ. ಇದರ ಜೊತೆಗೆ ಚೀಲವೊಂದರಲ್ಲಿ ಮೂರು ಕಿಲೋಗೆ ಮಿಕ್ಕಿದ ಉಸುಕು, ಅದರ ಬೆಲೆ ಸುಮಾರು 74 ರೂಪಾಯಿ. ಮಲಪ್ರಭೆಯ ದಂಡೆಯವನು ಉಸುಕನ್ನು ಕಿಲೋಗೆ 24 ರೂಪಾಯಿಯಂತೆ ಕೊಂಡು ದನಕ್ಕೆ ತಿನ್ನಿಸಿದ್ದ!

ಯೂರಿಯಾ ಎಂದೊಡನೆ ವಿಷವೆಂದು ಭಾವಿಸಬೇಕಾಗಿಲ್ಲ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಸ್ವಲ್ಪ ಯೂರಿಯಾವನ್ನು ಪ್ರೋಟೀನಾಗಿ ಪರಿವರ್ತಿಸಬಲ್ಲವು. ಅದಕ್ಕೆಂದೇ ಮಾನಕವೂ ಶೇ. 1ರವರೆಗೆ ಅನುಮತಿ ನೀಡಿದೆ. ಮಿತಿ ಮೀರಿದರೆ, ವಿಶೇಷವಾಗಿ ಜೊತೆಗೆ ಸಾಕಷ್ಟು ಧಾನ್ಯವಿಲ್ಲದೆ ಕಣಕಿ ಮಾತ್ರ ಇದ್ದರೆ, ಅಮೋನಿಯಾ ರಕ್ತಕ್ಕೆ ಸೇರಿ ಹೊಟ್ಟೆಯುಬ್ಬರ, ನಡುಕ, ಕೆಲವೊಮ್ಮೆ ಸಾವು. ಕರುಗಳಿಗಂತೂ ಕೊಡಲೇಬಾರದು.

ಈ ಬೆರಕೆಗೆ ಪ್ರೇರಣೆ ಎಲ್ಲಿಂದ ಬರುತ್ತದೆ ಎಂಬುದು ಲೆಕ್ಕಿಗನಿಗೆ ಕೂಡಲೇ ತಿಳಿಯುತ್ತದೆ. ಸಬ್ಸಿಡಿಯ ಬೇವುಲೇಪಿತ ಯೂರಿಯಾ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ, ಅಂದರೆ ಕಿಲೋಗೆ ಆರು ರೂಪಾಯಿಗಿಂತ ಕಡಿಮೆ. ಹೊಲಕ್ಕೆಂದು ಸರಕಾರ ಸಬ್ಸಿಡಿ ಕೊಟ್ಟ ಗೊಬ್ಬರವನ್ನು ಹಿಂಡಿಗೆ ತಿರುಗಿಸುವುದು ಅಪರಾಧ. ಆದರೂ ತಿರುಗಿಸಿದವನಿಗೆ ಕಾಗದದ ಮೇಲಿನ ಪ್ರೋಟೀನ್ ಕಿಲೋಗೆ ಸುಮಾರು ಎರಡು ರೂಪಾಯಿಗೆ ಸಿಗುತ್ತದೆ, ಅದನ್ನಾತ 120 ರೂಪಾಯಿಗೆ ಮಾರುತ್ತಾನೆ. ಇಷ್ಟು ಲಾಭಾಂಶವಿರುವ ಸರಕು ನಮ್ಮ ಮಾರುಕಟ್ಟೆಯಲ್ಲಿ ಬೇರೊಂದಿಲ್ಲ. 2008ರಲ್ಲಿ ಚೀನಾ ದೇಶದಲ್ಲಿ ಹಾಲಿಗೇ ಮೆಲಮೈನ್ ಎಂಬ ಸಾರಜನಕಭರಿತ ರಾಸಾಯನಿಕವನ್ನು ಬೆರೆಸಿ, ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾಗಿ ಆರು ಮಕ್ಕಳು ಸತ್ತದ್ದಕ್ಕೂ ಇದೇ ಪರೀಕ್ಷೆಯ ಇದೇ ದೌರ್ಬಲ್ಯ ಕಾರಣ. ಆದ್ದರಿಂದ ಪ್ರೋಟೀನ್ ಎಂಬ ಒಂದೇ ಅಂಕಿಯನ್ನು ನೋಡಿ ಸಮಾಧಾನಪಡುವುದು, ಅಖೈರು ಸರಕಿನ ಮೌಲ್ಯಮಾಪನ ನೋಡದೆ ನಿವ್ವಳ ಲಾಭವನ್ನು ನಂಬಿದಂತೆ. ಯೂರಿಯಾ ಮತ್ತು ಉಸುಕು, ಈ ಎರಡನ್ನು ಕೂಡಿಯೇ ಬರೆಸಬೇಕು.

ಹಿಂಡಿ ಬದಲಿಸಿದ ಬಳಿಕ ಆಕಳ ಹಾಲು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಏರಿತು. ಅದೇ ವೇಳೆಗೆ ಮಳೆಯಾಗಿ ಹಸಿ ಮೇವೂ ಬಂದಿತ್ತು. ಆದ್ದರಿಂದ ಏರಿಕೆಯ ಪೂರ್ಣ ಕೀರ್ತಿಯನ್ನು ಹಿಂಡಿಗೆ ಕೊಡಲು ನಾನು ಸಿದ್ಧನಿಲ್ಲ. ಲೆಕ್ಕದಲ್ಲಿ ಎರಡು ಕಾರಣಗಳು ಒಟ್ಟಿಗೆ ಬಂದಾಗ ಅವನ್ನು ಬೇರ್ಪಡಿಸಿ ತೋರಿಸಲಾಗದು.

ಹೊಳೆ ಬಂದ ವರ್ಷಗಳು ಮತ್ತು ಬೂಸ್ಟು

ಮೆಣಸಗಿಯವರಿಗೆ ಇನ್ನೊಂದು ಅಪಾಯವಿದೆ. ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ, ಮೇಲ್ಭಾಗದಲ್ಲಿ ಮಳೆ ಸುರಿದಾಗ ಬೆಣ್ಣೆಹಳ್ಳ, ಎರಡೂ ಈ ಸೀಮೆಯನ್ನು ನೆನೆಸುತ್ತವೆ. 2009ರಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರ ನೆನಪಿನಲ್ಲಿದೆ. ನೆರೆಯಲ್ಲಿ ಬಣವೆಗಳು ತೋಯುತ್ತವೆ, ಹಿಂಡಿಯ ಚೀಲಗಳು ತಳದಿಂದ ತೇವ ಹೀರುತ್ತವೆ. ನೀರಿಳಿದ ಮೇಲೆ ಬಿಸಿಲಿಗೆ ಹಾಕಿ ಒಣಗಿಸಿ ದನಕ್ಕೆ ಹಾಕುತ್ತಾರೆ. ಎಸೆಯಲು ಮನಸ್ಸು ಬರುವುದಾದರೂ ಹೇಗೆ? ಆದರೆ ಅಷ್ಟರಲ್ಲಿ ಬೂಸ್ಟು ತನ್ನ ಕೆಲಸ ಮುಗಿಸಿರುತ್ತದೆ. ಒಣಗಿಸಿದರೆ ಬೂಸ್ಟು ಹೋಗುತ್ತದೆ, ಅದು ಬಿಟ್ಟುಹೋದ ವಿಷ ಹೋಗುವುದಿಲ್ಲ.

ಈ ವಿಷಕ್ಕೂ ನಮ್ಮ ಎಣ್ಣೆ ಗಿರಣಿಗಳ ಮುಖ್ಯ ಉಪಉತ್ಪನ್ನಕ್ಕೂ ಹಳೆಯ ಸಂಬಂಧ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಅಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟು ಉಂಟುಮಾಡಿದ ವಿಷ ಸಿಕ್ಕಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಅದು ಯಕೃತ್ತಿನ ಕ್ಯಾನ್ಸರ್ ತರುವ ವಸ್ತುವೆಂದು ಮುಂದೆ ಸ್ಥಿರಪಟ್ಟಿದೆ. ಶೇಂಗಾ, ಹತ್ತಿಕಾಳು, ಮೆಕ್ಕೆಜೋಳ ಮೂರೂ ಅದರ ಮೆಚ್ಚಿನ ನೆಲೆಗಳು. ಮೂರೂ ನಮ್ಮ ಜಿಲ್ಲೆಯ ಸರಕುಗಳು.

ಆಕಳು ತಿಂದ ಅಫ್ಲಾಟಾಕ್ಸಿನ್ ಬಿ1 ಒಂದು ದಿನದೊಳಗೆ ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ತಿಂದದ್ದರಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2, ಹೆಚ್ಚು ಹಾಲಿನ ಆಕಳಲ್ಲಿ ಶೇ. 6ರವರೆಗೂ ದಾಟುವುದುಂಟು. ನಮ್ಮ ಮಾನಕದ ಪ್ರಕಾರ ಪಶು ಆಹಾರದಲ್ಲಿ ಬಿ1 ಪ್ರಮಾಣ ಕಿಲೋಗೆ 20 ಮೈಕ್ರೋಗ್ರಾಂ ಮೀರಬಾರದು, ಹಾಲಿನಲ್ಲಿ ಎಂ1 ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು. ಎರಡೂ ಅಂಕಿಗಳನ್ನು ಜೋಡಿಸಿ ನೋಡಿದೆ. ಹತ್ತು ಲೀಟರ್ ಕೊಡುವ ಆಕಳು ಮಿತಿಯೊಳಗಿನ ಹಿಂಡಿಯನ್ನು ನಾಲ್ಕು ಕಿಲೋ ತಿಂದರೆ 80 ಮೈಕ್ರೋಗ್ರಾಂ. ಅದರ ಶೇ. 2 ಹಾಲಿಗೆ ಬಂದರೆ ಲೀಟರಿಗೆ 0.16, ಚಿಂತೆಯಿಲ್ಲ. ಅದೇ ಹಿಂಡಿಯಲ್ಲಿ 100 ಮೈಕ್ರೋಗ್ರಾಂ ಇದ್ದರೆ ಲೀಟರಿಗೆ 0.8. ಕಾಯಿಸಿದರೂ ಅದು ಹೋಗುವುದಿಲ್ಲ. ಹಿಂಡಿಯನ್ನು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ ಎಂಬುದೊಂದೇ ಸಮಾಧಾನ.

ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿ 2019ರ ಅಕ್ಟೋಬರಿನಲ್ಲಿ ಫಲಿತಾಂಶ ಪ್ರಕಟಿಸಿತು. ಎಲ್ಲರೂ ನಿರೀಕ್ಷಿಸಿದ್ದು ಯೂರಿಯಾ, ಮಾರ್ಜಕಗಳ ಕಲಬೆರಕೆ. ಅದು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕಿತು. ಆದರೆ 368 ಮಾದರಿಗಳಲ್ಲಿ, ಅಂದರೆ ಶೇ. 5.7ರಷ್ಟರಲ್ಲಿ, ಎಂ1 ಮಿತಿಗಿಂತ ಹೆಚ್ಚಿತ್ತು. ಅದು ಹಾಲಿಗೆ ಬಂದದ್ದು ದನದ ಆಹಾರದಿಂದ ಎಂದು ಪ್ರಾಧಿಕಾರವೇ ಹೇಳಿತು. ಯುರೋಪಿನ ಮಿತಿ ನಮ್ಮದಕ್ಕಿಂತ ಹತ್ತು ಪಟ್ಟು ಬಿಗಿಯಾದ 0.05. ಹಾಲಿನ ಪುಡಿಯ ರಫ್ತಿನ ಬಗ್ಗೆ ಭಾಷಣ ಮಾಡುವವರು ಈ ಒಂದು ಅಂಕಿಯನ್ನು ನೆನಪಿಡಬೇಕು.

ಇದೇ ಪ್ರಸಂಗದಲ್ಲಿ ಮೇವಿನ ಒಂದು ಮಾತು. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳ ಮೇಯ್ದು ದನ ಸತ್ತ ಸುದ್ದಿ ನಮ್ಮಲ್ಲಿ ಹೊಸದಲ್ಲ. ಬಾಡಿದ ಎಳೆ ಜೋಳದಲ್ಲಿ, ಕುಳೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಹೆಚ್ಚಾಗುತ್ತದೆ. ಪಿಕ್ರೇಟ್ ಕಾಗದದ ಪಟ್ಟಿಯಿಂದ ಅದನ್ನು ಕೆಲವೇ ಹೊತ್ತಿನಲ್ಲಿ ಪತ್ತೆ ಹಚ್ಚಬಹುದು. ಹಳದಿ ಪಟ್ಟಿ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಆ ಮೇವು ಬೇಡ. ಇಂಥ ಪಟ್ಟಿಗಳು ಪ್ರತಿ ಪಶು ಆಸ್ಪತ್ರೆಯಲ್ಲೂ ಇದ್ದರೆ ಎಷ್ಟೋ ಜೀವ ಉಳಿದಾವು.

ಕಾಯದೆ ಎಲ್ಲಿದೆ

ಗೊಬ್ಬರಕ್ಕೆ, ಬೀಜಕ್ಕೆ, ಕೀಟನಾಶಕಕ್ಕೆ ಪ್ರತ್ಯೇಕ ಕಾಯದೆ, ಪ್ರತ್ಯೇಕ ನಿರೀಕ್ಷಕರು ಇದ್ದಾರೆ. ಪಶು ಆಹಾರಕ್ಕೆ ಹಾಗಿಲ್ಲ. 1955ರ ಅಗತ್ಯ ವಸ್ತುಗಳ ಅಧಿನಿಯಮದ ಮೂಲ ಪಟ್ಟಿಯಲ್ಲಿ ಹಿಂಡಿಯೂ ಸೇರಿದಂತೆ ಪಶು ಮೇವು ಇತ್ತು. 2006ರ ತಿದ್ದುಪಡಿಯಲ್ಲಿ ಪಟ್ಟಿ ಮೊಟಕಾದಾಗ ಅದು ಬಿಟ್ಟುಹೋಯಿತು. ಐಎಸ್ 2052 ಬಹುಕಾಲ ಇಚ್ಛಾನುಸಾರದ ಮಾನಕವಾಗಿಯೇ ಇತ್ತು. ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಜನವರಿಯಲ್ಲಿ ವಾಣಿಜ್ಯ ಪಶು ಆಹಾರಕ್ಕೆ ಈ ಮಾನಕ ಕಡ್ಡಾಯವೆಂದು ನಿರ್ದೇಶಿಸಿತಾದರೂ ಬಳಿಕ ಜಾರಿಯ ದಿನಾಂಕವನ್ನು ಮುಂದೂಡುತ್ತ ಬಂದಿತು.

ಆದರೂ ಕೊಳ್ಳುವವನು ನಿಸ್ಸಹಾಯಕನಲ್ಲ. 1930ರ ಸರಕು ಮಾರಾಟ ಅಧಿನಿಯಮದ 15, 16, 17ನೆಯ ಕಲಮುಗಳನ್ನು ನಮ್ಮ ಸದಸ್ಯರು ಒಮ್ಮೆ ಓದಬೇಕೆಂದು ವಿನಂತಿ. ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಸರಿಹೊಂದಬೇಕು. ಚೀಲದ ಮೇಲೆ ಮುದ್ರಿಸಿದ "ಪ್ರೋಟೀನ್ ಶೇ. 20" ಎಂಬುದು ಚಿತ್ರದ ಅಲಂಕಾರವಲ್ಲ, ಕರಾರಿನ ಷರತ್ತು. "ಸೀಲು ಮಾಡಿದ ಚೀಲ ಬಂದಂಗ ಕೊಟ್ಟೀನಿ, ಒಳಗಿಂದು ನನಗೇನು ಗೊತ್ತ್ರಿ" ಎಂಬುದು ನನ್ನ ತಮ್ಮನಿಗೆ ಅಂಗಡಿಯವರು ಕೊಟ್ಟ ಉತ್ತರ. ಮನುಷ್ಯಸಹಜವಾದ ಮಾತೇ. ಆದರೆ ಕಾನೂನಿನ ಮುಂದೆ ನಿಲ್ಲುವುದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನೂ ಗ್ರಾಹಕನೇ. ದೋಷವನ್ನು ವಿಶ್ಲೇಷಣೆಯಿಲ್ಲದೆ ತಿಳಿಯಲಾಗದಿದ್ದಾಗ ಜಿಲ್ಲಾ ಆಯೋಗವೇ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ತಮ್ಮ ಅಷ್ಟು ದೂರ ಹೋಗಲಿಲ್ಲ. ಅಂಗಡಿಯವರು ಉಳಿದ ಆರು ಚೀಲ ವಾಪಸು ಪಡೆದರು, ವಿಷಯ ಅಲ್ಲಿಗೆ ಮುಗಿಯಿತು.

ತೆರಿಗೆಯ ಒಂದು ಸೂಕ್ಷ್ಮವನ್ನೂ ಹೇಳಿಬಿಡುತ್ತೇನೆ. ಜಿಎಸ್‌ಟಿಯಲ್ಲಿ ಪಶು ಆಹಾರ ವಿನಾಯಿತಿ ಪಡೆದ ಸರಕು. ರೈತನಿಗೆ ಅದು ಒಳ್ಳೆಯದೇ. ಆದರೆ ತಯಾರಕನು ಪ್ರಯೋಗಾಲಯಕ್ಕೆ ಕೊಡುವ ಶುಲ್ಕದ ಮೇಲೆ ಶೇ. 18 ತೆರಿಗೆ ಬೀಳುತ್ತದೆ, ವಿನಾಯಿತಿ ಸರಕಾದ್ದರಿಂದ ಅದರ ಹೂಡುವಳಿ ಜಮೆ ಸಿಗುವುದಿಲ್ಲ. ಪ್ರಾಮಾಣಿಕವಾಗಿ ಪರೀಕ್ಷಿಸುವವನ ಖರ್ಚು ಏರುತ್ತದೆ, ಪರೀಕ್ಷಿಸದವನಿಗೆ ಆ ಚಿಂತೆಯೇ ಇಲ್ಲ. ನಮ್ಮ ಸಂಸ್ಥೆ ಬಜೆಟ್ ಪೂರ್ವ ಮನವಿಯಲ್ಲಿ ಈ ಅಂಶ ಸೇರಿಸಬಹುದು.

ನಾವು ಮಾಡಬಹುದಾದುದು

ಸಹಕಾರಿ ರಂಗದವರು ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದ್ದರು. 1964ರ ಅಕ್ಟೋಬರ್ 31ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಗುಜರಾತಿಗೆ ಹೋದದ್ದು ಖೇಡಾ ಹಾಲು ಒಕ್ಕೂಟದ ಕಂಜರಿಯ ಪಶು ಆಹಾರ ಕಾರ್ಖಾನೆಯನ್ನು ಉದ್ಘಾಟಿಸಲು. ಆ ಭೇಟಿಯ ಫಲವಾಗಿ ಮರುವರ್ಷ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು. ನಮ್ಮಲ್ಲಿ ಕರ್ನಾಟಕ ಹಾಲು ಮಹಾಮಂಡಳವೂ ತನ್ನದೇ ಕಾರ್ಖಾನೆಗಳನ್ನು ಕಟ್ಟಿತು, ಅವುಗಳಲ್ಲಿ ಒಂದು ಧಾರವಾಡದಲ್ಲಿದೆ. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇರುವುದೇ ಈ ವಿಷಯಗಳ ಅಧ್ಯಯನಕ್ಕೆ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ಬಾಗಿಲಲ್ಲೇ ಇದೆ. ಕೊರತೆಯಿರುವುದು ಖಾಸಗಿ ವ್ಯಾಪಾರದ ಕೊಂಡಿಯಲ್ಲಿ, ಅಂದರೆ ನಮ್ಮಲ್ಲಿ.

1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘವನ್ನು ಕಣಗಿನಹಾಳದಲ್ಲಿ ಕಟ್ಟಿದ ನೆಲ ಇದು. ಹತ್ತಾರು ಹಿಂಡಿ ವ್ಯಾಪಾರಿಗಳು, ಗಿರಣಿ ಮಾಲೀಕರು ಕೂಡಿ ಒಂದು ಮಾನ್ಯ ಪ್ರಯೋಗಾಲಯದೊಂದಿಗೆ ವಾರ್ಷಿಕ ಕರಾರು ಮಾಡಿಕೊಳ್ಳುವುದು ಅಸಾಧ್ಯವಲ್ಲ. ಪ್ರತಿ ಲಾಟಿನ ವರದಿಯ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಯಲು ಹೆಚ್ಚುವರಿ ಶಾಯಿ ಬಿಟ್ಟರೆ ಬೇರೆ ಖರ್ಚಿಲ್ಲ. ಪ್ರೋಟೀನ್ ಒಂದಂಶ ಕಡಿಮೆ ಬಂದರೆ ಇಷ್ಟು ಕಡಿತ ಎಂಬ ಷರತ್ತನ್ನು ಖರೀದಿ ಕರಾರಿನಲ್ಲಿ ಬರೆದುಕೊಂಡರೆ ತಯಾರಕನ ತಪ್ಪಿಗೆ ಅಂಗಡಿಯವನು ದಂಡ ತೆರುವ ಪ್ರಸಂಗವೂ ತಪ್ಪುತ್ತದೆ. ವರದಿ ಬೇಕೆಂದು ಕೇಳುವ ಗಿರಾಕಿಯನ್ನು ಅನುಮಾನದ ಪ್ರಾಣಿಯೆಂದು ಕಾಣುವ ಅಭ್ಯಾಸ ಮಾತ್ರ ಬಿಡಬೇಕು. ನನ್ನ ವೃತ್ತಿಯಲ್ಲಿ ಆ ಬೈಗುಳವನ್ನು ನಾನು ಸಾಕಷ್ಟು ತಿಂದಿದ್ದೇನೆ.

ಮಾದರಿ ತೆಗೆಯುವ ಬಗೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲಿಯೇ. ಪ್ರಯೋಗಾಲಯದ ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ "ಸ್ವೀಕರಿಸಿದ ಮಾದರಿಗೆ ಮಾತ್ರ ಅನ್ವಯ" ಎಂದಿರುತ್ತದೆ. ಲೆಕ್ಕಪರಿಶೋಧಕರಾದ ನಾವೂ ಅಂಥ ಸಾಲುಗಳನ್ನು ಬರೆಯುವವರೇ. ಆದ್ದರಿಂದ ಒಂದೇ ಚೀಲದ ಬಾಯಿಂದ ಒಂದು ಮುಷ್ಟಿ ತೆಗೆದು ಕಳಿಸಿದರೆ ಏನೂ ಸಾಬೀತಾಗದು. ಹಲವು ಚೀಲಗಳ ಮೇಲು, ನಡು, ತಳದಿಂದ ಬಂಬು ಚುಚ್ಚಿ ತೆಗೆಯಬೇಕು. ಎಲ್ಲವನ್ನೂ ಸ್ವಚ್ಛ ತಾಡಪತ್ರಿಯ ಮೇಲೆ ಸುರಿದು ಕಲೆಸಿ, ರೊಟ್ಟಿಯಂತೆ ಹರವಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ತೆಗೆಯಬೇಕು. ಅರ್ಧ ಕಿಲೋದಷ್ಟು ಉಳಿಯುವವರೆಗೆ ಹೀಗೆಯೇ ಪುನರಾವರ್ತನೆ. ಕೊನೆಗೆ ಮೂರು ಪೊಟ್ಟಣ ಮಾಡಿ, ಇಬ್ಬರೂ ಸಹಿ ಹಾಕಿ ಮೊಹರು ಮಾಡಿ, ಒಂದನ್ನು ಪ್ರಯೋಗಾಲಯಕ್ಕೆ, ಒಂದನ್ನು ಮಾರಿದವನಿಗೆ, ಒಂದನ್ನು ಕೊಂಡವನಿಗೆ. ಅಫ್ಲಾಟಾಕ್ಸಿನ್ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬೂಸ್ಟು ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಒಂದು ಮೂಲೆಯಲ್ಲಿ ಗಡ್ಡೆ ಕಟ್ಟಿ ಕೂತಿರುತ್ತದೆ.

ಪ್ರಯೋಗಾಲಯ ದೂರವಾದವರು ಕಡೇ ಪಕ್ಷ ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ, ಹಿಡಿ ಹಿಂಡಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು ಮೇಲಿನ ನೀರು ಚೆಲ್ಲಿ ನೋಡಲಿ. ತಳದ ಉಸುಕು ಬೆರಳಿಗೆ ಹತ್ತುತ್ತದೆ. ಅದು ಪರೀಕ್ಷೆಗೆ ಸಮನಲ್ಲ, ಆದರೆ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ತಿಳಿಸುತ್ತದೆ.

ಸಾಲದ ವಿಷಯ ಕೇಳುವವರಿಗಾಗಿ: ಎರಡು ಆಕಳ ಬದಲು ಒಂದಕ್ಕೆ ವರದಿ ಬರೆದುಕೊಟ್ಟೆ. ಅದರ ಕಂತು ಈವರೆಗೆ ತಪ್ಪಿಲ್ಲ. ಕಳೆದ ವಾರ ತಮ್ಮ ಫೋನು ಮಾಡಿದ್ದ. ಹೊಸ ಅಂಗಡಿಯಿಂದ ಇಪ್ಪತ್ತು ಚೀಲ ತರಿಸಿದ್ದಾನಂತೆ. "ಮೂರು ಪೊಟ್ಟಣ ಮಾಡೀನಿ ಅಣ್ಣಾ. ಅಂಗಡಿಯಾಂವನೂ ಸಹಿ ಮಾಡ್ಯಾನ. ಒಂದು ನಿಮ್ಮ ಕಡೆ ಬಸ್ಸಿನ್ಯಾಗ ಕೊಟ್ಟು ಕಳಿಸೀನಿ, ಲ್ಯಾಬಿಗೆ ಮುಟ್ಟಿಸ್ರಿ" ಎಂದ. ಅರಗಿನ ಮೊಹರು ಹಾಕಿದ ಆ ಪೊಟ್ಟಣ ಈ ಸಾಲುಗಳನ್ನು ಬರೆಯುವ ಹೊತ್ತಿಗೆ ನನ್ನ ಮೇಜಿನ ಮೇಲೆ, ಆದಾಯ ತೆರಿಗೆಯ ಕಡತಗಳ ನಡುವೆ ಇದೆ. ನಾಳೆ ಕಳಿಸಬೇಕು.